‘ಎಲ್ಲರೂ ಬರುತ್ತಿದ್ದರು’ ಎಂಬ ಮಾತು

2023ರ ಜನವರಿಯಲ್ಲಿ ಫ್ಲಾರಿಡಾದ ಡಿಸ್ನಿ ವರ್ಲ್ಡ್ ತನ್ನ ‘ಸ್ಪ್ಲಾಶ್ ಮೌಂಟನ್’ ಎಂಬ ನೀರಾಟವನ್ನು ಮುಚ್ಚಿತು. ಅದರ ಬೆನ್ನಿಗೇ ಇಬೇಯಲ್ಲಿ ಆ ಆಟದ ನೀರು ಮಾರಾಟಕ್ಕೆ ಬಂತು. ಹೌದು, ನೀರೇ. ದೋಣಿ ಜಾರಿ ಬೀಳುವ ಕಾಲುವೆಯಿಂದ ತುಂಬಿಕೊಂಡು ಬಂದ ನೀರು, ಡಬ್ಬಿಯಲ್ಲಿ. ಕಾಶಿಗೆ ಹೋದವರು ತರುವ ಗಂಗೆಯ ಗಿಂಡಿಗೂ ಯಾರೂ ಅಂಥ ಬೆಲೆ ಕಟ್ಟಿರಲಾರರು.

ಆ ಸುದ್ದಿ ಓದಿ ನನ್ನ ಜೊತೆಯ ಸಂಶೋಧಕರು ನಕ್ಕರು. ನಾನೂ ನಕ್ಕೆ, ಆದರೆ ಸ್ವಲ್ಪ ಅಳುಕಿನಿಂದ. ನನ್ನ ಕೋಣೆಯ ಮಂಚದ ಕೆಳಗೊಂದು ಶೂ ಡಬ್ಬಿ ಇದೆ. ಪಿಯುಸಿಯಲ್ಲಿ ಬಿಡದಿಯ ವಂಡರ್‌ಲಾಕ್ಕೆ ಹೋಗಿದ್ದಾಗಿನ, ನೀರು ತಾಗಿ ಅಕ್ಷರ ಅಳಿಸಿಹೋದ ಟಿಕೆಟ್ಟು ಅದರಲ್ಲಿದೆ. ಅಮೆರಿಕದ ಹಳೆಯ ಮನರಂಜನಾ ಪಾರ್ಕುಗಳ ಪೋಸ್ಟ್‌ಕಾರ್ಡುಗಳಿವೆ, ಹರಿಯದೆ ಉಳಿದ ಕೆಲವು ಟಿಕೆಟ್ಟುಗಳಿವೆ, ಡಿಸ್ನಿಲ್ಯಾಂಡಿನ ಹಳೇ ಟಿಕೆಟ್ ಪುಸ್ತಕದ ಒಂದು ‘ಎ’ ಚೀಟಿಯೂ ಇದೆ. ಆ ಪುಸ್ತಕಗಳು 1955ರಿಂದ 1982ರವರೆಗೆ ಚಾಲ್ತಿಯಲ್ಲಿದ್ದವು. ‘ಎ’ ಎಂದರೆ ಸಣ್ಣಪುಟ್ಟ ಆಟ, 1959ರಲ್ಲಿ ಬಂದ ‘ಇ’ ಎಂದರೆ ಅತಿ ದೊಡ್ಡದು. ‘ಇ’ ಚೀಟಿಗಳನ್ನು ಜನ ಬಳಸಿ ಮುಗಿಸುತ್ತಿದ್ದರು. ‘ಎ’ ಚೀಟಿಗಳು ಮನೆಯ ಡ್ರಾಯರುಗಳಲ್ಲಿ ಉಳಿದವು. ಅದಕ್ಕೇ ವಿದ್ಯಾರ್ಥಿವೇತನದಲ್ಲಿ ಬದುಕುವ ನನ್ನಂಥವಳ ಕೈಗೂ ಒಂದು ಸಿಕ್ಕಿದೆ. ಮೇಲಿನ ಮಟ್ಟದ ವ್ಯಾಪಾರವೇ ಬೇರೆ. ಡಿಸ್ನಿಲ್ಯಾಂಡ್ ಕಟ್ಟುವ ಮೊದಲು 1953ರಲ್ಲಿ ಬರೆದ ನಕ್ಷೆಯೊಂದು 2017ರ ಹರಾಜಿನಲ್ಲಿ 7,08,000 ಡಾಲರಿಗೆ ಹೋಯಿತು.

ಆದ್ದರಿಂದ ಈ ಲೇಖನ ಸಂಗ್ರಾಹಕರನ್ನು ಗೇಲಿ ಮಾಡಲು ಬರೆದದ್ದಲ್ಲ. ನನ್ನ ಜಗಳ ಅವರ ಒಂದು ಮಾತಿನ ಜೊತೆ. ನಮ್ಮ ಕನ್ನಡದ ಬಾಲ್ಯಸ್ಮರಣೆಯ ಲೇಖಕರೂ ಅದೇ ಮಾತನ್ನು ಆಡುವುದರಿಂದ ಅವರ ಜೊತೆಗೂ.

ಮೇರಿಲ್ಯಾಂಡಿನಲ್ಲಿ, ವಾಷಿಂಗ್ಟನ್ನಿಗೆ ಹತ್ತಿರ ನನ್ನ ವಾಸ. ಭಾನುವಾರಗಳಂದು ನಡೆಯುವ ಹಳೆ ಸಾಮಾನಿನ ಸಂತೆಯೊಂದಕ್ಕೆ ಆಗಾಗ ಹೋಗುತ್ತೇನೆ. (ಪಿಎಚ್‌ಡಿ ವಿಷಯ ಇದಲ್ಲ. ಪಿಎಚ್‌ಡಿ ಮಾಡುವವರು ಭಾನುವಾರಗಳಲ್ಲಿ ಮಾಡುವ ಕೆಲಸ ಯಾವಾಗಲೂ ಪಿಎಚ್‌ಡಿ ವಿಷಯ ಆಗಿರುವುದಿಲ್ಲ.) ಎರಡು ವರ್ಷದ ಹಿಂದೆ ಅಲ್ಲಿ ಗ್ಲೆನ್ ಎಕೋ ಪಾರ್ಕಿನ ಒಂದು ಪೋಸ್ಟ್‌ಕಾರ್ಡ್ ಕೊಂಡೆ. ಬಣ್ಣದ ಕರೂಸೆಲ್ ಚಿತ್ರ, ನಮ್ಮ ಜಾತ್ರೆಯ ಮರದ ಕುದುರೆಯಾಟದ ಶ್ರೀಮಂತ ನೆಂಟ. ಮಾರುತ್ತಿದ್ದ ಮುದುಕರು ತುಂಬ ಒಳ್ಳೆಯವರು. ನನ್ನ ಆಸಕ್ತಿ ಕಂಡು ತಮ್ಮ ಬಾಲ್ಯ ಹೇಳಿದರು. ಟ್ರಾಲಿ ಹತ್ತಿ ಹೋಗುತ್ತಿದ್ದರಂತೆ, ಪಾಪ್‌ಕಾರ್ನ್ ವಾಸನೆ ದೂರದಿಂದಲೇ ಬರುತ್ತಿತ್ತಂತೆ, ಅಪ್ಪ ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದರಂತೆ. ಹೇಳುತ್ತ ಹೇಳುತ್ತ ಅವರ ಕಣ್ಣು ಒದ್ದೆಯಾಯಿತು. ಕೊನೆಗೆ, “ಆಗ ಎಲ್ಲರೂ ಬರುತ್ತಿದ್ದರು. ಆಮೇಲೆ ಹಾಳಾಯಿತು” ಎಂದರು.

ಎಲ್ಲರೂ ಬರುತ್ತಿರಲಿಲ್ಲ. ಗ್ಲೆನ್ ಎಕೋ ಮನರಂಜನಾ ಪಾರ್ಕಾಗಿದ್ದ ಕಾಲದ ಬಹುಪಾಲು ಅಲ್ಲಿಗೆ ಬಿಳಿಯರಿಗೆ ಮಾತ್ರ ಪ್ರವೇಶವಿತ್ತು. ಟ್ರಾಲಿ ಹೊರಡುತ್ತಿದ್ದ ವಾಷಿಂಗ್ಟನ್ ನಗರದ ಕಪ್ಪು ಮಕ್ಕಳು ಆ ಕರೂಸೆಲ್ಲಿನ ಹೆಸರು ಕೇಳಿದ್ದರು, ಹತ್ತಿರಲಿಲ್ಲ. 1960ರ ಜೂನ್ 30ರಂದು ಹವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಗುಂಪೊಂದು ಒಳನುಗ್ಗಿತು. ಬಿಳಿಯ ಗೆಳೆಯರು ಕೊಂಡುಕೊಟ್ಟ ಟಿಕೆಟ್ಟುಗಳು ಅವರ ಕೈಯಲ್ಲಿದ್ದವು. 1921ರಲ್ಲಿ ಡೆಂಟ್ಜೆಲ್ ಕಂಪನಿ ಮಾಡಿಕೊಟ್ಟ ಕರೂಸೆಲ್ ಅದು. ಕುದುರೆಗಳಲ್ಲದೆ ಮೊಲ, ಉಷ್ಟ್ರಪಕ್ಷಿ, ಸಿಂಹ, ಹುಲಿಗಳೂ ಅದರಲ್ಲಿವೆ. ವಿದ್ಯಾರ್ಥಿಗಳು ಹತ್ತಿ ಕುಳಿತರು. ಆಟ ತಿರುಗಲಿಲ್ಲ. ಪಾರ್ಕಿನ ಕಾವಲುಗಾರ ಬಂದು ನೀವು ಯಾವ ಜನಾಂಗದವರು ಎಂದು ಅವರಲ್ಲೊಬ್ಬನನ್ನು ಕೇಳಿದ. ಮನುಷ್ಯ ಜನಾಂಗ ಎಂದು ಉತ್ತರ ಬಂತು. ನಿಂತೇ ಇದ್ದ ಕುದುರೆಗಳ ಮೇಲಿಂದ ಐವರನ್ನು ಬಂಧಿಸಿದರು.

ಆ ಐವರಲ್ಲಿ ಗ್ವೆಂಡೊಲಿನ್ ಗ್ರೀನ್ ಎಂಬ ಹುಡುಗಿಯೂ ಒಬ್ಬಳು. ಮರುವರ್ಷ ಫ್ರೀಡಂ ರೈಡ್‌ಗೆ ಹೋಗಿ ಮಿಸಿಸಿಪ್ಪಿಯ ಜೈಲು ಕಂಡಳು. ನಾಲ್ಕು ದಶಕಗಳ ನಂತರ ಇದೇ ಮೇರಿಲ್ಯಾಂಡಿನ ಸೆನೆಟರ್ ಆದರು. 1960ರ ಆ ಬೇಸಿಗೆಯಿಡೀ ಗೇಟಿನೆದುರು ಧರಣಿ ನಡೆಯಿತು. ಪಕ್ಕದ ಬ್ಯಾನಕ್‌ಬರ್ನ್ ಬಡಾವಣೆಯ ಬಿಳಿಯರು, ಅವರಲ್ಲಿ ಅನೇಕ ಯಹೂದಿಗಳು, ಮಕ್ಕಳನ್ನು ಕರೆದುಕೊಂಡು ಬಂದು ಸಾಲಿನಲ್ಲಿ ನಡೆದರು. ಎದುರುಗಡೆ ಅಮೆರಿಕದ ನಾಜಿ ಪಕ್ಷದವರು ತಮ್ಮ ಫಲಕ ಹಿಡಿದು ನಿಂತರು. 1961ರಲ್ಲಿ ಪಾರ್ಕು ಬಾಗಿಲು ತೆರೆದಾಗ ಎಲ್ಲರಿಗೂ ಪ್ರವೇಶ ಸಿಕ್ಕಿತ್ತು. ಬಂಧನದ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1964ರಲ್ಲಿ ಶಿಕ್ಷೆ ರದ್ದಾಯಿತು. ಪಾರ್ಕು 1968ರಲ್ಲಿ ಮುಚ್ಚಿತು.

ಈಗ ‘ಆಮೇಲೆ ಹಾಳಾಯಿತು’ ಎಂಬ ವಾಕ್ಯವನ್ನು ಮತ್ತೊಮ್ಮೆ ಓದಿ. ಯಾವುದರ ಆಮೇಲೆ? ಕಾರು ಬಂತು, ಟ್ರಾಲಿ ನಿಂತಿತು, ಟಿವಿ ಬಂತು, ನಗರದಂಚಿನ ನೆಲದ ಬೆಲೆ ಏರಿತು, ಹೆದ್ದಾರಿಯ ಪಕ್ಕ ಡಿಸ್ನಿ ಮಾದರಿಯ ದೊಡ್ಡ ಪಾರ್ಕುಗಳು ಎದ್ದವು. ಹಳೆಯ ಪಾರ್ಕುಗಳು ಸಾಯಲು ಇಷ್ಟೆಲ್ಲ ಕಾರಣಗಳಿದ್ದವು. ಆದರೆ ನೆನಪು ಇವನ್ನು ಹೇಳುವುದಿಲ್ಲ. ‘ಆಮೇಲೆ ಬೇರೆ ಥರದ ಜನ ಬರತೊಡಗಿದರು’ ಎನ್ನುತ್ತದೆ, ದನಿ ತಗ್ಗಿಸಿ. ನನ್ನ ಮುದುಕರೂ ಹಾಗೇ ಅಂದರು. ನಾನು ಪೋಸ್ಟ್‌ಕಾರ್ಡಿನ ದುಡ್ಡು ಕೊಟ್ಟು ಸುಮ್ಮನೆ ಬಂದೆ. ಅದು ನನಗೆ ಇವತ್ತಿಗೂ ನಾಚಿಕೆಯ ವಿಷಯ.

ಗ್ಲೆನ್ ಎಕೋ ಒಂದೇ ಅಲ್ಲ. ಕ್ಲೀವ್‌ಲ್ಯಾಂಡಿನ ಯೂಕ್ಲಿಡ್ ಬೀಚ್ ಪಾರ್ಕಿನ ಅಭಿಮಾನಿಗಳು ಅದರ ಕಮಾನನ್ನು ಉಳಿಸಿಕೊಂಡಿದ್ದಾರೆ, ಕರೂಸೆಲ್ಲನ್ನು ದುರಸ್ತಿ ಮಾಡಿಸಿ ಮ್ಯೂಸಿಯಮ್ಮಿನಲ್ಲಿ ತಿರುಗಿಸುತ್ತಾರೆ. ಅದರ ಡ್ಯಾನ್ಸ್ ಹಾಲಿನೊಳಗೆ ಕಪ್ಪು ಜನರನ್ನು ಬಿಡುತ್ತಿರಲಿಲ್ಲ. 1946ರಲ್ಲಿ ಅದಕ್ಕಾಗಿ ದೊಡ್ಡ ಪ್ರತಿಭಟನೆಯೇ ನಡೆದಿತ್ತು. ಬಾಲ್ಟಿಮೋರಿನ ಗ್ವಿನ್ ಓಕ್ ಪಾರ್ಕು ಎಲ್ಲರಿಗೆ ತೆರೆದದ್ದು 1963ರ ಆಗಸ್ಟ್ 28ರಂದು, ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಕನಸಿನ ಭಾಷಣ ಮಾಡಿದ ದಿನವೇ. ಅವತ್ತು ಅಲ್ಲಿ ಕುದುರೆ ಹತ್ತಿದ ಮೊದಲ ಕಪ್ಪು ಮಗು ಶೇರನ್ ಲ್ಯಾಂಗ್ಲಿ, ಇನ್ನೂ ಒಂದು ವರ್ಷ ತುಂಬದ ಕೂಸು. ಅದೇ ವರ್ಷದ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರದಲ್ಲಿ ಕಿಂಗ್, ಆರು ವರ್ಷದ ಮಗಳಿಗೆ ಟಿವಿಯಲ್ಲಿ ಜಾಹೀರಾತು ಬಂದ ‘ಫನ್‌ಟೌನ್’ ಪಾರ್ಕಿಗೆ ಅವಳು ಯಾಕೆ ಹೋಗುವಂತಿಲ್ಲ ಎಂದು ವಿವರಿಸುವಾಗ ಅಪ್ಪನ ನಾಲಿಗೆ ಹೇಗೆ ತೊದಲುತ್ತದೆ ಎಂದು ಹೇಳುತ್ತಾರೆ. ಇಷ್ಟು ದೊಡ್ಡ ಹೋರಾಟದ ಪತ್ರದಲ್ಲಿ ಒಂದು ಆಟದ ಪಾರ್ಕಿಗೆ ಯಾಕೆ ಜಾಗ ಎಂದು ಕೇಳುವವರು ಎಂದೂ ಯಾವ ಬೇಲಿಯ ಹೊರಗೂ ನಿಂತವರಲ್ಲ.

ನನಗೆ ಬರುವ ಉತ್ತರ ಗೊತ್ತು. ‘ಹೆಗಲ ಮೇಲೆ ಕೂತ ಐದು ವರ್ಷದ ಮಗುವಿಗೆ ಇದೆಲ್ಲ ಏನು ಗೊತ್ತಿತ್ತು? ಅದರ ಖುಷಿಯನ್ನೂ ಕಿತ್ತುಕೊಳ್ಳುತ್ತೀಯಾ?’ ಕಿತ್ತುಕೊಳ್ಳುವುದಿಲ್ಲ. ಮಗುವಿಗೆ ಗೊತ್ತಿರಲಿಲ್ಲ. ಆದರೆ ಪೋಸ್ಟ್‌ಕಾರ್ಡ್ ಮಾರುತ್ತಿರುವುದು ಮಗುವಲ್ಲ, ಎಂಬತ್ತು ವರ್ಷದ ಮನುಷ್ಯ. ಈ ಎಪ್ಪತ್ತೈದು ವರ್ಷಗಳಲ್ಲಿ ತಿಳಿದುಕೊಳ್ಳಲು ಸಮಯ ಇತ್ತು. ಮಗುವಾಗಿದ್ದಾಗಿನ ತಿಳಿಯದಿರುವಿಕೆಯನ್ನು ಮುದಿತನದವರೆಗೂ ಜೋಪಾನ ಮಾಡುವುದೂ ಒಂದು ಸಂಗ್ರಹವೇ. ಅದಕ್ಕೆ ನಾನು ವಿರೋಧ.

ಇನ್ನೊಂದು ಸಂಗತಿ ಹೇಳಬೇಕು. ಆ ಮುದುಕರ ಮೇಜಿನ ಮೇಲೆ ಚೀಟಿ ಅಂಟಿಸಿದ ಡಬ್ಬಿಗಳಿವೆ. ‘ಅಮ್ಯೂಸ್‌ಮೆಂಟ್ ಪಾರ್ಕ್’ ಅಂತ ಒಂದು, ‘ಬ್ಲ್ಯಾಕ್ ಹಿಸ್ಟರಿ’ ಅಂತ ಇನ್ನೊಂದು. ಹೋದ ಚಳಿಗಾಲದಲ್ಲಿ ಎರಡನೆಯದನ್ನು ಕೆದಕುತ್ತಿದ್ದಾಗ ಒಂದು ಹಳೆಯ ಪತ್ರಿಕಾ ಫೋಟೋ ಸಿಕ್ಕಿತು. ಫಲಕ ಹಿಡಿದ ಜನರ ಸಾಲು, ಹಿಂದೆ ಗ್ಲೆನ್ ಎಕೋ ಎಂಬ ದೊಡ್ಡಕ್ಷರಗಳು. ಜಾಗ ಅದೇ, ಗೇಟು ಅದೇ. ಒಂದು ಕಾಗದ ‘ನೆನಪು’, ಇನ್ನೊಂದು ‘ಇತಿಹಾಸ’. ಒಂದನ್ನು ಕೊಳ್ಳುವವರು ಇನ್ನೊಂದು ಡಬ್ಬಿಗೆ ಕೈಹಾಕುವುದೇ ಇಲ್ಲ. ಇದನ್ನು ಯಾರೂ ಪಿತೂರಿ ಮಾಡಿ ಮಾಡಿದ್ದಲ್ಲ, ಮಾರಾಟದ ಅನುಕೂಲಕ್ಕೆ ಮಾಡಿದ್ದು. ಆದರೆ ಹಳಹಳಿಕೆ ಹೇಗೆ ಕೆಲಸ ಮಾಡುತ್ತದೆ ಎಂದು ನನಗೆ ಅರ್ಥವಾದದ್ದು ಯಾವ ಸಿದ್ಧಾಂತದ ಪುಸ್ತಕದಿಂದಲೂ ಅಲ್ಲ, ಆ ಎರಡು ಡಬ್ಬಿಗಳಿಂದ. ಅದು ಸುಳ್ಳು ಹೇಳಬೇಕಾಗಿಯೇ ಇಲ್ಲ. ವಿಂಗಡಿಸಿ ಇಟ್ಟರೆ ಸಾಕು.

ಸ್ಪ್ಲಾಶ್ ಮೌಂಟನ್ನಿನ ನೀರಿನಲ್ಲೂ ಇದೇ ಆಗಿದೆ. ಆ ಆಟದ ಮೊಲ ನರಿಗಳೆಲ್ಲ 1946ರ ‘ಸಾಂಗ್ ಆಫ್ ದ ಸೌತ್’ ಸಿನಿಮಾದಿಂದ ಬಂದವು. ದಕ್ಷಿಣದ ತೋಟಗಳಲ್ಲಿ ಕಪ್ಪು ಕೂಲಿಗಳು ಹಾಡಿಕೊಂಡು ಸುಖವಾಗಿದ್ದರು ಎಂದು ತೋರಿಸುವ ಸಿನಿಮಾ. ಡಿಸ್ನಿಯೇ ನಾಚಿ ಅಮೆರಿಕದಲ್ಲಿ ಅದರ ವಿಡಿಯೋ ಹೊರತರಲಿಲ್ಲ, ಆದರೆ ಅದರ ಮೇಲೆ 1989ರಲ್ಲಿ ಆಟ ಕಟ್ಟಿತು. ಈಗ ಅಲ್ಲಿ ಕಪ್ಪು ರಾಜಕುಮಾರಿ ಟಿಯಾನಾಳ ಆಟ ಬಂದಿದೆ. ‘ನಮ್ಮ ಬಾಲ್ಯ ಕಸಿದರು’ ಎಂದು ಸಹಿ ಸಂಗ್ರಹ ಮಾಡಿದವರಲ್ಲಿ ಎಷ್ಟು ಮಂದಿ ಆ ಸಿನಿಮಾ ನೋಡಿದ್ದರೋ! ನೋಡದೆ ಇದ್ದದ್ದೇ ಅವರ ಬಾಲ್ಯದ ಸುಖ. ಡಿಸ್ನಿಯನ್ನೇನೂ ನಾನು ಹೊಗಳುತ್ತಿಲ್ಲ. ಟಿಯಾನಾ ಗೊಂಬೆಗಳೂ ಅಲ್ಲಿ ಅಗ್ಗವಾಗಿ ಸಿಗುವುದಿಲ್ಲ.

ಹಳಹಳಿಕೆಗೆ ಸಲ್ಲಬೇಕಾದ್ದನ್ನೂ ಸಲ್ಲಿಸುತ್ತೇನೆ. ಗ್ಲೆನ್ ಎಕೋ ಮುಚ್ಚಿದ ಮೇಲೆ ಆ ಕರೂಸೆಲ್ ಮಾರಾಟವಾಗಿತ್ತು. ಸುತ್ತಲಿನ ಜನ ಚಂದಾ ಎತ್ತಿ 1970ರಲ್ಲಿ ಸುಮಾರು 80,000 ಡಾಲರ್ ಕೊಟ್ಟು ಅದನ್ನು ಬಿಡಿಸಿಕೊಂಡರು. ಇಲ್ಲದಿದ್ದರೆ ಆ ಐವರು ಕುಳಿತ ಪ್ರಾಣಿಗಳು ಎಲ್ಲೆಲ್ಲೋ ಚೆಲ್ಲಿಹೋಗುತ್ತಿದ್ದವು. ಈಗ ಜಾಗ ಸರ್ಕಾರದ ರಾಷ್ಟ್ರೀಯ ಉದ್ಯಾನ ಇಲಾಖೆಯದು, ಬೇಸಿಗೆಯಲ್ಲಿ ಕರೂಸೆಲ್ ತಿರುಗುತ್ತದೆ, ಧರಣಿಯ ಕಥೆಯನ್ನು ಅಲ್ಲೇ ಹೇಳುತ್ತಾರೆ. ಎರಡು ಡಬ್ಬಿಗಳನ್ನು ಒಂದು ಮಾಡಲು ಆಗುತ್ತದೆ ಎಂದಾಯಿತು.

ಹಾಗಾದರೆ ನಾವು? ಜಾತ್ರೆ, ದಸರಾ ವಸ್ತುಪ್ರದರ್ಶನ, ಟೂರಿಂಗ್ ಟಾಕೀಸು. ಕನ್ನಡದಲ್ಲಿ ವಾರಕ್ಕೊಂದಾದರೂ ಇಂಥ ನೆನಪಿನ ಲೇಖನ ಬರುತ್ತದೆ, ಈ ಪುಟಗಳಲ್ಲೂ ಬಂದಿವೆ. ಬೆಂಡು ಬತ್ತಾಸು, ತೊಟ್ಟಿಲು, ಪೀಪಿ, ಬಣ್ಣದ ಕನ್ನಡಕ. ‘ಊರಿಗೆ ಊರೇ ಸೇರುತ್ತಿತ್ತು’ ಎಂಬ ವಾಕ್ಯ ಇಲ್ಲದ ಒಂದು ಜಾತ್ರೆ ಲೇಖನ ತೋರಿಸಿ. ಬರೆಯುವವರು ಕೆಟ್ಟವರಲ್ಲ, ನನ್ನ ಸಂತೆಯ ಮುದುಕರ ಹಾಗೆ. ಆದರೆ ಊರಿಗೆ ಊರೇ ಎಂದಾಗ ಕೇರಿ ಅದರಲ್ಲಿ ಇತ್ತೇ ಎಂದು ಅವರು ಒಮ್ಮೆಯೂ ನಿಂತು ನೋಡುವುದಿಲ್ಲ.

ನಮ್ಮಪ್ಪನ ಬಳಿ ಒಂದು ಫೋಟೋ ಇದೆ. ಹನ್ನೆರಡೋ ಹದಿಮೂರೋ ವಯಸ್ಸಿನಲ್ಲಿ ಜಾತ್ರೆಯ ಫೋಟೋ ಡೇರೆಯಲ್ಲಿ ತೆಗೆಸಿದ್ದು. ಹಿಂದೆ ಬಣ್ಣದ ಪರದೆ, ಪರದೆಯಲ್ಲಿ ಅರಮನೆ, ಮುಂದೆ ರಟ್ಟಿನ ಮೋಟಾರ್ ಸೈಕಲ್ಲು. ಅಪ್ಪ ಅದರ ಮೇಲೆ ಕೂತು ಎದೆ ಸೆಟೆಸಿದ್ದಾರೆ. ದುಡ್ಡಿಗಾಗಿ ಎರಡು ದಿನ ಸೌದೆ ಒಡೆದಿದ್ದರಂತೆ. ಚಿಕ್ಕವಳಿದ್ದಾಗ ಆ ಫೋಟೋ ತೋರಿಸಿ ಕಥೆ ಹೇಳು ಎಂದು ಪೀಡಿಸುತ್ತಿದ್ದೆ. ಅಪ್ಪ ಪ್ರತಿ ಸಲವೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು: “ಫೋಟೋ ತೆಗೆಸ್ಕಂಡು ಟೀ ಕುಡಿಯಕೆ ಹೋದೆ ಕಣವ್ವ. ಅಂಗಡಿ ಹಿಂದ್ಗಡೆ ಗೂಟಕ್ಕೆ ನೇತಾಕಿದ್ದ ಲೋಟದಲ್ಲಿ ಕೊಟ್ರು. ನಾವೇ ತೊಳ್ದು ನಾವೇ ನೇತಾಕ್ಬೇಕು. ಟೀ ಮಾತ್ರ ಬೋ ಚೆನ್ನಾಗಿತ್ತು.”

ಮೋಟಾರ್ ಸೈಕಲ್ಲೂ ಲೋಟವೂ ಒಂದೇ ಕಥೆಯಲ್ಲಿ. ಒಂದಕ್ಕಾಗಿ ಇನ್ನೊಂದನ್ನು ಬಿಟ್ಟು ಹೇಳಿದ್ದು ನನಗೆ ನೆನಪಿಲ್ಲ. ಜಾತ್ರೆಯನ್ನು ಅಪ್ಪ ದ್ವೇಷಿಸಲಿಲ್ಲ, ವರ್ಷವರ್ಷವೂ ಹೋದರು, ನಮ್ಮನ್ನೂ ಕರೆದುಕೊಂಡು ಹೋದರು. ಕಹಿ ಹೇಳಿದರೆ ನೆನಪು ಕೆಡುತ್ತದೆ ಎನ್ನುವ ಲೇಖಕರಿಗೆ ನಾನು ಕೊಡಬಹುದಾದ ಉತ್ತರ ಅಪ್ಪನೇ. ಆ ಸಿಹಿ ಟೀ ಅವರಿಗೆ ಇವತ್ತಿಗೂ ನೆನಪಿದೆ, ಗೂಟವೂ ನೆನಪಿದೆ. ಗೂಟವನ್ನು ನೆನಪಿಟ್ಟುಕೊಳ್ಳದೆ ಟೀಯನ್ನಷ್ಟೇ ನೆನೆಯುವ ಅನುಕೂಲ ಅಂಗಡಿಯ ಮುಂದೆ ಬೆಂಚಿನ ಮೇಲೆ ಕೂತು ಕುಡಿದವರಿಗೆ ಮಾತ್ರ ಇತ್ತು. ಹಾಗೆ ಕೂತವರ ಮಕ್ಕಳು ಮೊಮ್ಮಕ್ಕಳು ಜಾತ್ರೆಯ ಬಗ್ಗೆ ಬರೆಯಲಿ, ಧಾರಾಳವಾಗಿ ಬರೆಯಲಿ. ಬೆಂಚನ್ನೂ ಬರೆಯಲಿ ಎಂದಷ್ಟೇ ನನ್ನ ತಕರಾರು. ನೆನಪಿಲ್ಲದಿದ್ದರೆ ಊರಿನಲ್ಲಿ ಕೇಳಲಿ. ಹೇಳುವವರು ಇನ್ನೂ ಬದುಕಿದ್ದಾರೆ.

ಕಳೆದ ಸಲ ಊರಿಗೆ ಹೋದಾಗ ಆ ಫೋಟೋದ ಪ್ರತಿ ಮಾಡಿಸಿಕೊಂಡು ಬಂದೆ. ಈಗ ಅದು ಶೂ ಡಬ್ಬಿಯಲ್ಲಿ, ಗ್ಲೆನ್ ಎಕೋ ಪೋಸ್ಟ್‌ಕಾರ್ಡಿನ ಪಕ್ಕದಲ್ಲಿದೆ. ಧರಣಿಯ ಫೋಟೋ ಇನ್ನೂ ಸಂತೆಯಲ್ಲೇ ಇದೆ. ಪೋಸ್ಟ್‌ಕಾರ್ಡಿನ ಹತ್ತು ಪಟ್ಟು ಬೆಲೆ ಹೇಳಿದ್ದಾರೆ. ಈ ಭಾನುವಾರ ಹೋಗಿ ಚೌಕಾಸಿ ಮಾಡಬೇಕು. ಅವರು ‘ಎಲ್ಲರೂ ಬರುತ್ತಿದ್ದರು’ ಎಂದು ಮತ್ತೆ ಶುರುಮಾಡಿದರೆ ಈ ಸಲ ಫೋಟೋವನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿಸಿಕೊಳ್ಳುತ್ತೇನೆ.