25 ಸಾವಿರ ಇದ್ರೆ ಹೊಸ ಲ್ಯಾಪ್‌ಟಾಪ್ ತಗೋಬೇಡಿ

(1/5)
ಅಡ್ಮಿಷನ್ ಶುರುವಾದಾಗಿಂದ ನನ್ನ ಡಿಎಂ ತುಂಬಾ ಒಂದೇ ಪ್ರಶ್ನೆ. "ಅಕ್ಕಾ, ಬಿಸಿಎ ಸೇರಿದ್ದೀನಿ, 25 ಸಾವಿರ ಇದೆ, ಯಾವ ಲ್ಯಾಪ್‌ಟಾಪ್ ತಗೊಳ್ಳಲಿ?" ಒಬ್ಬೊಬ್ಬರಿಗೂ ಟೈಪ್ ಮಾಡಿ ಮಾಡಿ ಸಾಕಾಯ್ತು, ಅದಕ್ಕೇ ಈ ಸೀರೀಸ್.

ಉತ್ತರ ಮೊದಲೇ ಹೇಳ್ಬಿಡ್ತೀನಿ. ಆ ದುಡ್ಡಿಗೆ ಹೊಸದು ಬೇಡ. ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟ, ಕ್ಲೀನ್ ಮಾಡಿ ಸರಿಮಾಡಿ ಮಾರೋ ಲ್ಯಾಪ್‌ಟಾಪ್ ತಗೊಳ್ಳಿ. ರಿಫರ್ಬಿಶ್ಡ್ ಅಂತಾರಲ್ಲ, ಅದು.

"ಸೆಕೆಂಡ್ ಹ್ಯಾಂಡಾ? ನಂಗ್ಯಾಕೆ" ಅಂತ ಮುಂದಿನ ರೀಲ್‌ಗೆ ಹೋಗೋ ಮುಂಚೆ ನಾನು ಮಾಡಿದ ತಪ್ಪು ಏನು ಅಂತ ಓದಿ.

(2/5)
ನಮ್ಮದು ತಿಪಟೂರು ಕಡೆ. ಎರಡು ವರ್ಷದ ಹಿಂದೆ ಅಪ್ಪ ಕೊಬ್ಬರಿ ಮಾರಿದ ದುಡ್ಡಲ್ಲಿ 27 ಸಾವಿರ ಎಣಿಸಿ ನನ್ನ ಕೈಗೆ ಕೊಟ್ರು. ಅಂಗಡಿಯಲ್ಲಿ ತೆಳ್ಳಗೆ, ಬೆಳ್ಳಗೆ, ಸ್ಟಿಕ್ಕರ್ ಕೂಡ ಕೀಳದ ಹೊಸ ಲ್ಯಾಪ್‌ಟಾಪ್. ಜೊತೆಗೆ ಬ್ಯಾಗ್ ಫ್ರೀ, ಮೌಸ್ ಫ್ರೀ. ಒಳಗೆ ಏನಿದೆ ಅಂತ ನಾನು ಕೇಳಲೇ ಇಲ್ಲ.

ಇದ್ದದ್ದು ಇಷ್ಟು: ಸೆಲೆರಾನ್ ಪ್ರೊಸೆಸರ್, 4 ಜಿಬಿ ರ್‍ಯಾಮ್, 64 ಜಿಬಿ ಇಎಂಎಂಸಿ ಸ್ಟೋರೇಜ್. ಇಎಂಎಂಸಿ ಅಂದ್ರೆ ಕಡಿಮೆ ಬೆಲೆಯ ಫೋನ್‌ಗಳಲ್ಲಿ ಹಾಕ್ತಾರಲ್ಲ, ಆ ಥರದ ಮೆಮೊರಿ. ವಿಂಡೋಸ್ 11 ಓಡೋಕೆ ಮೈಕ್ರೋಸಾಫ್ಟ್ ಹೇಳೋ ಕನಿಷ್ಠ ಲೆಕ್ಕವೇ 4 ಜಿಬಿ ರ್‍ಯಾಮ್, 64 ಜಿಬಿ ಜಾಗ. ಅಂದ್ರೆ ನನ್ನ ಲ್ಯಾಪ್‌ಟಾಪ್ ಹುಟ್ಟಿದ ದಿನವೇ ಪಾಸ್ ಮಾರ್ಕ್ಸ್ ಗಡಿಯಲ್ಲಿ ನಿಂತಿತ್ತು.

ಎರಡನೇ ಸೆಮಿಸ್ಟರ್ ಹೊತ್ತಿಗೆ ಡಿಸ್ಕ್ ಫುಲ್. ಅಪ್‌ಡೇಟ್ ಹಾಕೋಕೆ ಜಾಗ ಇಲ್ಲ. ಎಕ್ಲಿಪ್ಸ್ ಓಪನ್ ಮಾಡಿ ಟೀ ಕುಡಿದು ಬಂದ್ರೂ ಅದಿನ್ನೂ ಓಪನ್ ಆಗ್ತಾನೇ ಇರ್ತಿತ್ತು. ರ್‍ಯಾಮ್ ಜಾಸ್ತಿ ಮಾಡಿಸೋಣ ಅಂತ ಸರ್ವಿಸ್‌ನವರ ಹತ್ರ ಹೋದೆ. ಬಿಚ್ಚಿ ನೋಡಿ, "ಬೋರ್ಡಿಗೇ ಬೆಸುಗೆ ಹಾಕಿದ್ದಾರೆ, ಏನೂ ಮಾಡೋಕಾಗಲ್ಲ" ಅಂದ್ರು. ಮಿನಿ ಪ್ರಾಜೆಕ್ಟ್ ಡೆಮೊ ದಿನ ಅದು ಹ್ಯಾಂಗ್ ಆಗಿ ನಿಂತಾಗ ನನ್ನ ಕೋಡ್‌ನ ಪಾರ್ಟ್‌ನರ್ ಅವಳ ಲ್ಯಾಪ್‌ಟಾಪಲ್ಲಿ ತೋರಿಸಿದಳು. ನಾನು ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ.

ಅಪ್ಪ ಫೋನ್ ಮಾಡಿದಾಗೆಲ್ಲ ಕೇಳೋರು, "ಕಂಪ್ಯೂಟ್ರು ಹೆಂಗೈತೆ ಮಗಾ?" ನಾನು "ಚೆನ್ನಾಗೈತೆ ಅಪ್ಪಾಜಿ" ಅಂತಿದ್ದೆ. ಒಂದು ವರ್ಷ ಇದೇ ಸುಳ್ಳು.

(3/5)
ಈಗ ವಾದಕ್ಕೆ ಬರ್ತೀನಿ. 25 ಸಾವಿರಕ್ಕೆ ಹೊಸದು ಕೊಡಬೇಕಂದ್ರೆ ತಯಾರಿಸೋರು ಎಲ್ಲೋ ಒಂದು ಕಡೆ ಉಳಿಸಲೇಬೇಕು. ಉಳಿಸೋದು ಕಣ್ಣಿಗೆ ಕಾಣದ ಕಡೆ: ಪ್ರೊಸೆಸರ್, ರ್‍ಯಾಮ್, ಸ್ಕ್ರೀನ್, ಹಿಂಜ್. ಹೊರಗಿನ ಬಣ್ಣ ಮಾತ್ರ ಪಳಪಳ.

ಕಂಪನಿಗಳಿಗೆ ಅಂತ ಮಾಡೋ ಲ್ಯಾಪ್‌ಟಾಪ್‌ಗಳ ಲೆಕ್ಕ ಬೇರೆ. ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್ ಇವೆಲ್ಲ ಆ ಜಾತಿ. ದಿನಾ ಬ್ಯಾಗಿಗೆ ಹಾಕಿ ತೆಗೆದು ಮಾಡೋರಿಗೆ ಅಂತ ಗಟ್ಟಿಯಾಗಿ ಕಟ್ಟಿರ್ತಾರೆ. ಹೊಸದಿದ್ದಾಗ ನಮ್ಮ ಕೈಗೆ ಸಿಗೋ ಬೆಲೆ ಅಲ್ಲ. ಆಫೀಸಿನವರು ಲಾಟ್‌ಗಟ್ಟಲೆ ಬದಲಾಯಿಸಿದಾಗ ಹಳೇವು ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಬರ್ತವೆ.

ನಾನೀಗ ಬಳಸ್ತಿರೋದು (ಮೊದಲನೇ ಫೋಟೋದಲ್ಲಿರೋ ಕಪ್ಪು ಇಟ್ಟಿಗೆ!) 2018ರ ಥಿಂಕ್‌ಪ್ಯಾಡ್ ಟಿ480. 8ನೇ ಜನರೇಶನ್ ಐ5, 16 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ. ರ್‍ಯಾಮ್‌ಗೆ ಎರಡು ಸ್ಲಾಟ್ ಇದೆ, ಬೇಕಾದಾಗ ಬದಲಾಯಿಸಬಹುದು. ಹಳೇದನ್ನ 6 ಸಾವಿರಕ್ಕೆ ಮಾರಿ, ಟ್ಯೂಷನ್ ದುಡ್ಡು ಸೇರಿಸಿ 19 ಸಾವಿರಕ್ಕೆ ತಗೊಂಡೆ. ಬ್ಯಾಟರಿ ಬದಲಾಯಿಸೋಕೆ 2,800. ಒಟ್ಟು 21,800. ನನ್ನ ಹೊಸ ಲ್ಯಾಪ್‌ಟಾಪ್‌ಗಿಂತ 5,200 ಕಡಿಮೆ.

(4/5) ಸೇವ್ ಮಾಡ್ಕೊಳ್ಳಿ
ಅಂಗಡಿಗೆ ಹೋದಾಗ ನೋಡಬೇಕಾದ್ದು:

1. ಐ7 ಅಂತ ಸ್ಟಿಕ್ಕರ್ ನೋಡಿ ಮರುಳಾಗಬೇಡಿ, ಪಕ್ಕದ ನಂಬರ್ ಓದಿ. 8250 ಇದ್ರೆ 8ನೇ ಜನರೇಶನ್, 10210 ಇದ್ರೆ 10ನೇದು, 1135 ಇದ್ರೆ 11ನೇದು. 7ನೇ ಜನರೇಶನ್‌ನ ಐ7 7500ಯುಗೆ ಎರಡೇ ಕೋರ್. ಮರುವರ್ಷ ಬಂದ ಐ5 8250ಯುಗೆ ನಾಲ್ಕು.

2. ಇಂಟೆಲ್ ಆದ್ರೆ 8ನೇ ಜನರೇಶನ್‌ಗಿಂತ ಕೆಳಗೆ ಇಳಿಯಬೇಡಿ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು. ಅದಕ್ಕಿಂತ ಹಳೇ ಪ್ರೊಸೆಸರ್‌ಗಳಲ್ಲಿ ಹೆಚ್ಚುಕಮ್ಮಿ ಯಾವುದಕ್ಕೂ ವಿಂಡೋಸ್ 11 ಅಧಿಕೃತವಾಗಿ ಇಲ್ಲ. "ಹಾಕಿ ಕೊಡ್ತೀವಿ ಬಿಡಿ ಮೇಡಂ" ಅಂದ್ರೆ ನಕ್ಕು ಮುಂದಿನ ಅಂಗಡಿಗೆ ಹೋಗಿ.

3. ರ್‍ಯಾಮ್ ಕನಿಷ್ಠ 8 ಜಿಬಿ. ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಎಮ್ಯುಲೇಟರ್ ಓಡಿಸೋರಿಗೆ 16. ಸ್ಟೋರೇಜ್ ಎಸ್‌ಎಸ್‌ಡಿನೇ ಇರಲಿ, ಹಾರ್ಡ್ ಡಿಸ್ಕ್ ಬೇಡ.

4. ಸ್ಕ್ರೀನ್ 1920 x 1080 ಇದೆಯಾ ಅಂತ ಸೆಟ್ಟಿಂಗ್ಸ್‌ಗೆ ಹೋಗಿ ನೋಡಿ. ಒಂದೇ ಮಾಡೆಲ್‌ನಲ್ಲಿ ಮಂಕಾದ 1366 x 768 ಸ್ಕ್ರೀನೂ ಬರುತ್ತೆ. ಪೂರ್ತಿ ಬಿಳಿ ಪೇಜ್ ಓಪನ್ ಮಾಡಿ ಕಲೆ ಇದೆಯಾ ನೋಡಿ.

5. ಕಮಾಂಡ್ ಪ್ರಾಂಪ್ಟ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೀರಿ. ಅದರಲ್ಲಿ ಬ್ಯಾಟರಿಯ ಮೂಲ ಸಾಮರ್ಥ್ಯ, ಈಗ ಉಳಿದಿರೋ ಸಾಮರ್ಥ್ಯ ಎರಡೂ ಇರುತ್ತೆ. ಅರ್ಧಕ್ಕಿಂತ ಕಡಿಮೆ ಇದ್ರೆ ಹೊಸ ಬ್ಯಾಟರಿ ಹಾಕಿಸಿಕೊಡಿ ಅನ್ನಿ, ಇಲ್ಲಾಂದ್ರೆ ಬೆಲೆ ಇಳಿಸಿ ಅನ್ನಿ.

6. ರೀಸ್ಟಾರ್ಟ್ ಮಾಡಿ ಬಯಾಸ್‌ಗೆ ಹೋಗಿ. ಪಾಸ್‌ವರ್ಡ್ ಕೇಳಿದ್ರೆ ಅದು ಹಳೇ ಕಂಪನಿಯವರ ಲಾಕ್. ತಗೋಬೇಡಿ.

7. ಎಲ್ಲಾ ಕೀ, ಎಲ್ಲಾ ಪೋರ್ಟ್, ಕ್ಯಾಮೆರಾ, ಮೈಕ್, ವೈಫೈ ಅಲ್ಲೇ ಪರೀಕ್ಷೆ ಮಾಡಿ. ಅರ್ಧ ಗಂಟೆ ಬೇಕು, ನಾಚಿಕೆ ಬೇಡ. ಸೀರಿಯಲ್ ನಂಬರ್ ಬರೆದ ಬಿಲ್, ಅಂಗಡಿಯ ವಾರಂಟಿ ಎರಡೂ ಬರಹದಲ್ಲಿ ಇಸ್ಕೊಳ್ಳಿ.

(5/5)
ಎಲ್ಲರಿಗೂ ಇದೇ ಸರಿ ಅಂತ ನಾನು ಹೇಳ್ತಿಲ್ಲ. ನನ್ನದು ಭಾರ ಜಾಸ್ತಿ, ಬಿಸಿಯಾದಾಗ ಫ್ಯಾನ್ ಮಿಕ್ಸಿ ಥರ ಕೂಗುತ್ತೆ, ಮೂಲೆಯಲ್ಲಿ ಗೀರಿದೆ. ಆರ್ಕಿಟೆಕ್ಚರ್, ತ್ರೀಡಿ, ವಿಡಿಯೋ ಎಡಿಟಿಂಗ್ ಮಾಡೋರಿಗೆ ಗ್ರಾಫಿಕ್ಸ್ ಕಾರ್ಡ್ ಬೇಕು, ಅವರು ಬೇರೆ ಲೆಕ್ಕ ಹಾಕ್ಲಿ. ಊರಿಂದ ಅಂಗಡಿಗೆ ನಾಲ್ಕೈದು ಗಂಟೆ ದಾರಿ ಅನ್ನೋರು ಕೆಟ್ರೆ ಯಾರು ನೋಡ್ತಾರೆ ಅಂತ ಮೊದಲೇ ಯೋಚಿಸಿ.

ಆದ್ರೆ ಬಿಸಿಎ, ಬಿಕಾಂ, ಬಿಎಸ್ಸಿ ಮಾಡೋ ನಮಗೆ ಸಿ, ಜಾವಾ, ಪೈಥಾನ್, ಟ್ಯಾಲಿ, ಎಕ್ಸೆಲ್ ಓಡಿದ್ರೆ ಸಾಕು. "ಎಐ ಕಲೀಬೇಕು, ಗೇಮಿಂಗ್ ಲ್ಯಾಪ್‌ಟಾಪೇ ಬೇಕು" ಅಂತ ಸೀನಿಯರ್ಸ್ ಹೇಳಿದ್ದಕ್ಕೆ ಮನೇಲಿ 70 ಸಾವಿರಕ್ಕೆ ಇಎಂಐ ಹಾಕಿಸಬೇಡಿ. ಗೂಗಲ್ ಕೋಲ್ಯಾಬ್ ಬ್ರೌಸರ್‌ನಲ್ಲೇ ಫ್ರೀಯಾಗಿ ಜಿಪಿಯು ಕೊಡುತ್ತೆ. ಮಿತಿ ಇದೆ, ಆದ್ರೆ ಕಲಿಯೋರಿಗೆ ಸಾಕು.

ಇನ್ನೊಂದು ಮಾತು. ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೆ, ಕಟ್ಟಡ ಕಾರ್ಮಿಕರ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡೋ ಸರ್ಕಾರಿ ಯೋಜನೆಗಳು ನಮ್ಮ ರಾಜ್ಯದಲ್ಲಿ ಬಂದಿವೆ. ದುಡ್ಡು ಬಿಚ್ಚೋ ಮುಂಚೆ ಈ ವರ್ಷ ಏನಿದೆ ಅಂತ ಕಾಲೇಜ್ ಆಫೀಸಲ್ಲಿ ಕೇಳಿ. ಕೇಳೋದಕ್ಕೆ ಯಾರೂ ದುಡ್ಡು ಕೇಳಲ್ಲ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನಿಗೆ ಎಲ್ಲಾ ಹೇಳಿದೆ. ಬೈತಾರೆ ಅನ್ಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎತ್ತು ತರೋವಾಗ ಬಾಯಿ ಬಿಡಿಸಿ ಹಲ್ಲು ನೋಡ್ತೀವಿ ಕಣವ್ವ. ನೀನು ಮೈಬಣ್ಣ ನೋಡ್ಕೊಂಡು ಬಂದಿದ್ದೀಯ" ಅಂದ್ರು. ಆಮೇಲೆ ಹೊಸದನ್ನ, ಅಂದ್ರೆ ಹಳೇದನ್ನ, ತಿರುಗಿಸಿ ಮುರುಗಿಸಿ ನೋಡಿ, "ಇದು ಗಟ್ಟಿ ಐತೆ" ಅಂದ್ರು.

ನಿಮ್ಮ ಮನೇಲೂ ಯಾರೋ ಏನೋ ಮಾರಿ, ಚೀಟಿ ಎತ್ತಿ ದುಡ್ಡು ಹೊಂದಿಸ್ತಿರ್ತಾರೆ. ಆ ದುಡ್ಡಿಗೆ ಅರ್ಧ ಗಂಟೆ ಅಂಗಡಿಯಲ್ಲಿ ನಿಂತು ಹಲ್ಲು ನೋಡಿ. ತಗೊಳ್ಳೋ ಮುಂಚೆ ಡೌಟ್ ಇದ್ರೆ ಪ್ರೊಸೆಸರ್ ನಂಬರ್ ಫೋಟೋ ತೆಗೆದು ಡಿಎಂ ಮಾಡಿ. ಲೇಟಾದ್ರೂ ರಿಪ್ಲೈ ಮಾಡ್ತೀನಿ.

ಈ ವರ್ಷ ಕಾಲೇಜ್ ಸೇರೋ ತಮ್ಮ ತಂಗಿ ಇದ್ರೆ ಅವರಿಗೆ ಶೇರ್ ಮಾಡಿ.

#ಲ್ಯಾಪ್‌ಟಾಪ್ #ಬಿಸಿಎ #ಕಾಲೇಜ್_ಲೈಫ್ #ಕನ್ನಡದಲ್ಲಿ_ಟೆಕ್