ಒಡೆತನಕ್ಕೊಂದು ಉದ್ದೇಶ ಬೇಡವೆ?

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಉತ್ಪಾದನೆ ಮೊದಲಾದುದು 1923ರ ಜನವರಿಯಲ್ಲಿ. ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದುದು 2023ರ ಜನವರಿಯಲ್ಲಿ. ಶತಮಾನೋತ್ಸವಕ್ಕೆ ಎಂಥ ಉಡುಗೊರೆ! ಬಳಿಕ ವಿರೋಧವೆದ್ದಿತು, ಪುನರುಜ್ಜೀವನದ ಮಾತೂ ಕೇಳಿಬಂದಿತು.

ನಷ್ಟದ ಕಾರ್ಖಾನೆಯನ್ನು ಎಂದೆಂದಿಗೂ ನಡೆಸಬೇಕೆಂದು ನಾನು ಹೇಳಲಾರೆ. ಆದರೆ ಸರ್ಕಾರ ಅದನ್ನು ಇಷ್ಟು ಕಾಲ ಇರಿಸಿಕೊಂಡುದು ಏತಕ್ಕಾಗಿ? ಲಾಭಕ್ಕೋ, ವಿಶೇಷ ಉಕ್ಕಿಗೋ, ಒಂದು ಊರಿನ ಬಾಳುವೆಗೋ? ಉದ್ದೇಶವನ್ನೇ ಬರೆದಿಡದಿದ್ದಲ್ಲಿ ಸೋಲುಗೆಲುವುಗಳನ್ನು ಅಳೆಯುವ ಕೋಲಾದರೂ ಯಾವುದು?

ಈ ಕೋಲನ್ನು ನಾರ್ವೆ ಒದಗಿಸಿಕೊಂಡಿದೆ. 1972ರಲ್ಲಿ ತನ್ನ ತೈಲ ಕಂಪನಿಯನ್ನು ಸ್ಥಾಪಿಸಿದಾಗಲೇ ಅದು ತೈಲಕ್ಷೇತ್ರದ ಮೇಲ್ವಿಚಾರಣೆಗೆ ಪ್ರತ್ಯೇಕ ನಿರ್ದೇಶನಾಲಯವನ್ನೂ ಸ್ಥಾಪಿಸಿತು. ಇಂದು ಈಕ್ವಿನಾರ್ ಎನಿಸಿಕೊಂಡಿರುವ ಆ ಕಂಪನಿಯಲ್ಲಿ ಸರ್ಕಾರದ ಪಾಲು ಶೇಕಡ 67. ಆದರೂ ಮಂತ್ರಿಗಳು ಅದರ ಆಡಳಿತ ಮಂಡಳಿಯಲ್ಲಿ ಕೂಡುವುದಿಲ್ಲ. ಯಾವ ಕಂಪನಿಯನ್ನು ಏಕೆ ಇರಿಸಿಕೊಂಡಿದ್ದೇವೆಂಬುದನ್ನು ಸರ್ಕಾರವು ಒಂದೊಂದಾಗಿ ಬರೆದು ಸಂಸತ್ತಿನ ಮುಂದಿಡುತ್ತದೆ.

ಸಿಂಗಪುರದ ಹಾದಿ ಬೇರೆ. ಅಲ್ಲಿ 1974ರಲ್ಲಿ ಹುಟ್ಟಿದ ಟೆಮಾಸೆಕ್ ಸಂಸ್ಥೆಯ ಷೇರುಗಳು ಹಣಕಾಸು ಸಚಿವರ ಹೆಸರಿನಲ್ಲಿವೆ. ಕೊಳ್ಳುವ, ಮಾರುವ ತೀರ್ಮಾನ ಮಾತ್ರ ಆಡಳಿತ ಮಂಡಳಿಯದು. ಮಂಡಳಿಯ ನೇಮಕಗಳಿಗೆ ರಾಷ್ಟ್ರಾಧ್ಯಕ್ಷರ ಸಮ್ಮತಿ ಬೇಕು. ಹೀಗಿದ್ದೂ 2004ರಿಂದ 2021ರವರೆಗೆ ಅದರ ಮುಖ್ಯಾಧಿಕಾರಿಯಾಗಿದ್ದ ಹೋ ಚಿಂಗ್ ಅವರು ಅಂದಿನ ಪ್ರಧಾನಮಂತ್ರಿಯ ಪತ್ನಿ. ಸರ್ಕಾರಕ್ಕೂ ಸಂಸ್ಥೆಗೂ ನಡುವಣ ಅಂತರವನ್ನು ಕಾಯಿದೆ ವಿಧಿಸಬಲ್ಲುದು. ಜನರ ನಂಬಿಕೆಯನ್ನು ವಿಧಿಸಲಾರದು.

ನಮ್ಮಲ್ಲಿ ಪ್ರಶ್ನೆ ಕೇಳುವವರಿಗೆ ಕೊರತೆಯಿಲ್ಲ. ಮಹಾಲೇಖಪಾಲರಿದ್ದಾರೆ, 1964ರಿಂದ ಸಂಸತ್ತಿನ ಸಾರ್ವಜನಿಕ ಉದ್ದಿಮೆಗಳ ಸಮಿತಿಯಿದೆ. ಆದರೆ ಇವರ ಪ್ರಶ್ನೆಗಳು ಬಹುಮಟ್ಟಿಗೆ ಕೆಲಸ ಮುಗಿದ ಮೇಲಿನವು. ಉಕ್ಕಿನ ನೀತಿಯನ್ನು ರೂಪಿಸುವ ಮಂತ್ರಾಲಯವೇ ಭದ್ರಾವತಿ 1998ರಲ್ಲಿ ವಿಲೀನವಾದ ಉಕ್ಕು ಪ್ರಾಧಿಕಾರವನ್ನೂ ನೋಡಿಕೊಳ್ಳುತ್ತದೆ. 2021ರ ಕೇಂದ್ರ ನೀತಿಯು ಸರ್ಕಾರ ಉಳಿಯಬೇಕಾದ ಆಯಕಟ್ಟಿನ ಕ್ಷೇತ್ರಗಳನ್ನು ಹೆಸರಿಸಿತು, ಉಕ್ಕು ಅವುಗಳಲ್ಲಿರಲಿಲ್ಲ. ಕ್ಷೇತ್ರವನ್ನು ಹೆಸರಿಸಿದ ಮಾತ್ರಕ್ಕೆ ಒಂದು ಕಾರ್ಖಾನೆಯ ಪ್ರಶ್ನೆಗೆ ಉತ್ತರ ದೊರೆತಂತಾಗಲಿಲ್ಲ.

ನಾರ್ವೆಯ ತೈಲವನ್ನಾಗಲಿ ಸಿಂಗಪುರದ ಬಂದರನ್ನಾಗಲಿ ನಾವು ತರಲಾರೆವು. ಪ್ರತಿಯೊಂದು ಸಂಸ್ಥೆಯ ಹೆಸರಿನ ಮುಂದೆ, ಇದು ನಮಗೆ ಬೇಕು, ಇಂಥ ಕಾರಣಕ್ಕೆ ಬೇಕು, ಎಂದು ಒಂದು ಸಾಲು ಬರೆಯುವುದಕ್ಕೆ ತೈಲವೂ ಬೇಡ, ಬಂದರೂ ಬೇಡ. ಆ ಸಾಲು ಇದ್ದಿದ್ದರೆ, ಭದ್ರಾವತಿಯ ಕಾರ್ಮಿಕನು ಅದನ್ನೇ ಮುಂದಿಟ್ಟು ತನ್ನ ನ್ಯಾಯವನ್ನು ಕೇಳಬಹುದಾಗಿತ್ತು. ಸಾರ್ವಜನಿಕ ಆಸ್ತಿಯಲ್ಲಿ ಪ್ರಜೆಗೆ ಇರಬೇಕಾದ ಒಡೆತನವೆಂದರೆ ಅದೇ ಎಂದು ನಾನು ಭಾವಿಸುತ್ತೇನೆ.