ಯಾವ ಪ್ರಾಣಿ? ಯಾವ ಮನುಷ್ಯ?



ಕಾಲೇಜುಗಳ ಚರ್ಚಾಸ್ಪರ್ಧೆಯಲ್ಲಿ ಆಗಾಗ ಒಂದು ವಿಷಯ ಕೊಡ್ತಾರೆ: ಮನುಷ್ಯನ ಪ್ರಾಣ ದೊಡ್ಡದೋ, ಪ್ರಾಣಿಯ ಪ್ರಾಣ ದೊಡ್ಡದೋ? ಪರ ಇಬ್ಬರು, ವಿರೋಧ ಇಬ್ಬರು. ದಯೆ, ಧರ್ಮ, ವಿವೇಕ ಎಲ್ಲ ಬರುತ್ತೆ. ಗೆದ್ದವನಿಗೆ ಒಂದು ಸ್ಟೀಲ್ ಲೋಟ. ನಮ್ಮ ಹಾಸ್ಟೆಲ್ ಹುಡುಗರೂ ಚೆನ್ನಾಗೇ ಮಾತಾಡಿ ಬರ್ತಾರೆ. ಆದರೆ ಯಾವ ಮನುಷ್ಯ, ಯಾವ ಪ್ರಾಣಿ ಅಂತ ಆ ವೇದಿಕೆಯಲ್ಲಿ ಯಾರೂ ಕೇಳುವುದಿಲ್ಲ. ಈ ದೇಶದಲ್ಲಿ ಅದನ್ನು ಕೇಳದೆ ಉತ್ತರ ಹೇಳುವುದು ಮೋಸ.

1927ರ ಮಾರ್ಚ್ 20, ಮಹಾಡದ ಚವದಾರ್ ಕೆರೆ. ದನ ನಾಯಿಗಳಿಗೆ ಅಡ್ಡಿಯಿಲ್ಲದ ಆ ನೀರನ್ನು ಬಾಬಾಸಾಹೇಬರೂ ಅವರ ಹಿಂದೆ ಬಂದ ನಮ್ಮ ಜನರೂ ಬೊಗಸೆಯಲ್ಲಿ ಮೊಗೆದು ಕುಡಿದರು. ಆಮೇಲೆ ಸವರ್ಣೀಯರು 108 ಕೊಡ ಸಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆಯನ್ನು ಶುದ್ಧ ಮಾಡಿದರು. ಹಸುವಿನ ಸಗಣಿ ಶುದ್ಧ, ಮನುಷ್ಯನ ಬೊಗಸೆ ಮೈಲಿಗೆ. ತೀರ್ಪು ಅಲ್ಲೇ ಆಗಿಹೋಗಿತ್ತಲ್ಲ!

2002ರ ಅಕ್ಟೋಬರ್ 15, ಹರಿಯಾಣದ ಝಜ್ಜರ್ ಬಳಿಯ ದುಲೀನಾ ಪೊಲೀಸ್ ಚೌಕಿ. ಹಸು ಕೊಂದರು ಎಂಬ ಪುಕಾರು ಎಬ್ಬಿಸಿ ಐದು ಜನ ದಲಿತರನ್ನು ಪೊಲೀಸರ ಕಣ್ಣೆದುರೇ ಹೊಡೆದು ಕೊಂದರು. ಸತ್ತವರ ಮೇಲೆಯೇ ಗೋಹತ್ಯೆಯ ಕೇಸು ಬಿತ್ತು. ಹಸುವಿನ ಹೆಣವೂ ಪೋಸ್ಟ್‌ಮಾರ್ಟಂಗೆ ಹೋಯಿತು. ಶಾಸ್ತ್ರದ ಪ್ರಕಾರ ಹಸುವಿನ ಪ್ರಾಣವೇ ಹೆಚ್ಚು ಎಂದು ವಿಶ್ವ ಹಿಂದೂ ಪರಿಷತ್ತಿನ ಆಚಾರ್ಯ ಗಿರಿರಾಜ ಕಿಶೋರ್ ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ಒಂದು ಲೆಕ್ಕಕ್ಕೆ ಅವರು ಪ್ರಾಮಾಣಿಕರು. ಉಳಿದವರು ಬಾಯಿ ಬಿಡದೆ ಅದನ್ನೇ ನಡೆಸ್ತಾರೆ.

ಹಾಗಾದರೆ ಇವರದು ಪ್ರಾಣಿಪ್ರೀತಿಯೋ? ಎಮ್ಮೆಯನ್ನು ಕೇಳಿ. ಹಸುವಿಗಿಂತ ಗಟ್ಟಿ ಹಾಲು ಕೊಡುತ್ತೆ, ಮೈ ಕಪ್ಪು, ಯಾರೂ ತಾಯಿ ಅನ್ನಲ್ಲ. ನಮ್ಮ ರಾಜ್ಯದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಹಸು ಎತ್ತುಗಳನ್ನು ಯಾವ ವಯಸ್ಸಿಗೂ ಕಡಿಯಬಾರದು ಅನ್ನುತ್ತೆ. ಎಮ್ಮೆ ಕೋಣಗಳಿಗೆ ಮಾತ್ರ 13 ವರ್ಷದ ತನಕ ರಕ್ಷಣೆ. ಪ್ರಾಣಿಗಳಲ್ಲೂ ವರ್ಣಾಶ್ರಮ!

ಇನ್ನು ಶಿಕ್ಷೆ ನೋಡಿ. ಆ ಕಾಯ್ದೆಯಲ್ಲಿ ಜೈಲಾದರೆ ಕನಿಷ್ಠ 3 ವರ್ಷ, 7ರ ತನಕ. ದಂಡವಾದರೆ ತಲೆಗೆ 50,000 ರೂಪಾಯಿಗೆ ಕಮ್ಮಿ ಇಲ್ಲ. ಮಲ ಹೊರಿಸುವುದನ್ನು ನಿಷೇಧಿಸಿದ 2013ರ ಕಾಯ್ದೆಯಲ್ಲಿ, ರಕ್ಷಣೆಯಿಲ್ಲದೆ ಮನುಷ್ಯನನ್ನು ಮಲದ ಗುಂಡಿಗೆ ಇಳಿಸಿದವನಿಗೆ ಮೊದಲ ಸಲ ಜೈಲು 2 ವರ್ಷ ಮೀರುವಂತಿಲ್ಲ, ದಂಡ 2 ಲಕ್ಷ ಮೀರುವಂತಿಲ್ಲ. ಕನಿಷ್ಠ ಎಂಬುದೇ ಅಲ್ಲಿಲ್ಲ. ಸತ್ತರೆ ಬೇರೆ ಕಲಮು ಹಾಕಬಹುದು ಅಂತಾರೆ ವಕೀಲರು. ಹಾಕಿಸೋಕೆ ಠಾಣೆ ಮುಂದೆ ಕೂರಬೇಕಾದವಳು ಯಾರು? ಸತ್ತವನ ಹೆಂಡತಿ.

ನಮಗೆ ಪ್ರಾಣಿಗಳ ಮೇಲೆ ಹಗೆಯಿಲ್ಲ. ಜೀತಕ್ಕಿದ್ದ ನಮ್ಮ ಅಪ್ಪ ತಾತಂದಿರು ಧಣಿಗಳ ಕೊಟ್ಟಿಗೆಯಲ್ಲಿ ದನದ ಮಗ್ಗುಲಲ್ಲೇ ಮಲಗಿದವರು. ಉಣ್ಣಿ ಕಿತ್ತವರು, ಕರು ಹಾಕುವ ರಾತ್ರಿ ಲಾಟೀನು ಹಿಡಿದು ಕೂತವರು. ಸತ್ತಾಗ ಎಳೆದವರೂ ಅವರೇ. ಬದುಕಿದ್ದಾಗ ಊರಿನ ತಾಯಿ, ಸತ್ತ ಮೇಲೆ ಕೇರಿಯ ಪಾಲು. ಹೆತ್ತ ತಾಯಿಯ ಹೆಣ ಮುಟ್ಟದ ಮಕ್ಕಳನ್ನು ಬೇರೆಲ್ಲಾದರೂ ಕಂಡಿದ್ದೀರಾ? ಹಸುವಿನ ಬೆಲೆ ಇಳಿಸಿ ಅಂತ ನಾವು ಕೇಳುತ್ತಿಲ್ಲ. ನಮ್ಮನ್ನು ತೂಗುವ ತಕ್ಕಡಿಗೆ ಅದನ್ನು ಯಾಕೆ ತಂದು ಹಾಕಿದಿರಿ ಅಂತ ಕೇಳ್ತಿದ್ದೇವೆ.

ಗುಜರಾತಿನ ನಮ್ಮ ಜನ ಇದನ್ನು ಜೋರಾಗಿಯೇ ಕೇಳಿದರು. 2016ರ ಜುಲೈ 11ರಂದು ಮೋಟಾ ಸಮಧಿಯಾಲಾ ಊರಲ್ಲಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದವರನ್ನು ಹಿಡಿದು, ಉನಾ ಪೇಟೆಗೆ ತಂದು, ಗಾಡಿಗೆ ಕಟ್ಟಿ ಬಡಿದರು. ಕೆಲವೇ ದಿನದಲ್ಲಿ ಸುರೇಂದ್ರನಗರದ ದಲಿತರು ಸತ್ತ ದನಗಳನ್ನು ಹೇರಿಕೊಂಡು ಬಂದು ಕಲೆಕ್ಟರ್ ಕಚೇರಿ ಮುಂದೆ ಸುರಿದರು. ನಿಮ್ಮ ತಾಯಿ, ನೀವೇ ಮಣ್ಣು ಮಾಡಿ ಅಂದರು. ಆಗಸ್ಟಿನಲ್ಲಿ ಅಹಮದಾಬಾದಿನಿಂದ ಉನಾಕ್ಕೆ ಜಾಥಾ ಹೊರಟಿತು. ಹೆಣ ಎತ್ತುವುದಿಲ್ಲ, ಭೂಮಿಯಿಲ್ಲದ ಕುಟುಂಬಕ್ಕೆ 5 ಎಕರೆ ಕೊಡಿ ಎಂದು ಕೇಳಿತು. ರಜೆಗೆ ಊರಿಗೆ ಹೋದಾಗ, ಇನ್ನೂ ಊರ ದನ ಎಳೆಯುತ್ತಿರುವ ಅಣ್ಣಂದಿರಿಗೆ ಇದನ್ನು ಓದಿ ಹೇಳಿ.